ಬಿಳಿಯರ ಶಾಲೆಗೆ ಮಕ್ಕಳನ್ನು ಕಳುಹಿಸಿದ ಹೆತ್ತವರಿಗೆ ಸಲ್ಲಬೇಕಾದ ಗೌರವ ಎಂಥದ್ದು?

ಷಾರ್ಲಟ್ ಕನ್ನಡಿಗ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಷಾರ್ಲಟ್ ನಗರದಲ್ಲಿ ನಾವು ಕೆಲವರು ಸೇರಿ ಕನ್ನಡದ ಮಕ್ಕಳಿಗೆ ವಾರಾಂತ್ಯದ ತರಗತಿ ನಡೆಸುತ್ತೇವೆ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆಯಾಗಿ ಇಡುವ ಪದ್ಧತಿ ಹೇಗೆ ಕೊನೆಗೊಂಡಿತು ಎಂಬುದನ್ನು ಈ ಬಾರಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡಬೇಕೆಂದುಕೊಂಡಿದ್ದೇವೆ. ನಮ್ಮ ಮಕ್ಕಳು ದಿನವೂ ಹೋಗುವುದು ಅದೇ ಶಾಲೆಗಳಿಗೆ. ಭಾರತದಂಥ ದೇಶಗಳಿಂದ ಬರುವವರ ಮೇಲಿದ್ದ ಕಟ್ಟುಪಾಡುಗಳನ್ನು ಸಡಿಲಿಸಿದ 1965ರ ವಲಸೆ ಕಾನೂನು ಬಂದದ್ದೂ ಆ ಹೋರಾಟದ ಕಾಲದಲ್ಲಿಯೇ. ಹಾಗಾಗಿ ಈ ಚರಿತ್ರೆಯ ಋಣ ನಮ್ಮ ಮೇಲೂ ಇದೆ.

ಪಾಠ ಸಿದ್ಧಪಡಿಸುವಾಗ ಒಂದು ವಿಷಯ ನನ್ನನ್ನು ಬಹಳ ಕಾಡಿತು. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನ ವಿಲಿಯಂ ಫ್ರಾಂಟ್ಜ್ ಎಂಬ ಬಿಳಿಯರ ಶಾಲೆಗೆ ಕೇಂದ್ರ ಸರ್ಕಾರದ ಅಧಿಕಾರಿಗಳಾದ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ಹೋದ ಆರು ವರ್ಷದ ಕಪ್ಪು ಹುಡುಗಿ ರೂಬಿ ಬ್ರಿಜಸ್ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. ಆ ಹುಡುಗಿಯ ತಂದೆ ಏಬನ್, ತಾಯಿ ಲೂಸಿಲ್ ಯಾರು, ಅವರಿಗೆ ಏನಾಯಿತು ಎಂದು ಕೇಳಿದರೆ ಮಕ್ಕಳಿರಲಿ, ದೊಡ್ಡವರಿಗೂ ಗೊತ್ತಿಲ್ಲ. ಏಬನ್ ಬ್ರಿಜಸ್ ಕೊರಿಯಾ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ಮಗಳನ್ನು ಆ ಶಾಲೆಗೆ ಸೇರಿಸಿದ್ದಕ್ಕಾಗಿ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು. ಮಿಸಿಸಿಪ್ಪಿಯಲ್ಲಿ ಪಾಲಿಗೆ ಜಮೀನು ಮಾಡಿಕೊಂಡಿದ್ದ ರೂಬಿಯ ಅಜ್ಜ ಅಜ್ಜಿಯನ್ನು ಧಣಿಗಳು ಆ ನೆಲದಿಂದಲೇ ಎಬ್ಬಿಸಿದರು.

ಇನ್ನೊಂದು ಕಥೆ ನಮಗೆ ಭೌಗೋಳಿಕವಾಗಿಯೂ ಹತ್ತಿರದ್ದು. ಪಕ್ಕದ ಸೌತ್ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಸಮ್ಮರ್ಟನ್ ಎಂಬ ಸಣ್ಣ ಊರಿದೆ. 1940ರ ದಶಕದ ಕೊನೆಯಲ್ಲಿ ಆ ಕೌಂಟಿಯ ಬಿಳಿಯ ಮಕ್ಕಳಿಗಾಗಿ ಸುಮಾರು 30 ಶಾಲಾ ಬಸ್ಸುಗಳು ಓಡುತ್ತಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಮೈಲಿಗಟ್ಟಲೆ ನಡೆಯುವ ಮಕ್ಕಳನ್ನು ನೋಡಲಾರದೆ ಹೆತ್ತವರು ತಾವೇ ಹಣ ಕೂಡಿಸಿ ಒಂದು ಹಳೆಯ ಬಸ್ಸು ಕೊಂಡರು; ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಪೆಟ್ರೋಲಿಗಾದರೂ ಸಹಾಯ ಮಾಡಿ ಎಂಬಷ್ಟು ಸಣ್ಣ ಬೇಡಿಕೆಗೂ ಶಾಲಾ ಮಂಡಳಿ ಕಿವಿಗೊಡಲಿಲ್ಲ. ಅಧ್ಯಾಪಕರೂ ಚರ್ಚಿನ ಪಾದ್ರಿಯೂ ಆಗಿದ್ದ ಜೋಸೆಫ್ ಡಿಲೇನ್ ಅವರ ಪ್ರೇರಣೆಯಿಂದ ಲೀವೈ ಪಿಯರ್ಸನ್ ಎಂಬ ರೈತ ಬಸ್ಸಿಗಾಗಿ ಮೊದಲು ನ್ಯಾಯಾಲಯಕ್ಕೆ ಹೋದರು. ಅವರ ಜಮೀನು ಎರಡು ಶಾಲಾ ಜಿಲ್ಲೆಗಳ ಗಡಿಯ ಮೇಲಿದ್ದ ನೆಪದಿಂದ 1948ರಲ್ಲಿ ಆ ದಾವೆ ಬಿದ್ದುಹೋಯಿತು. ಅಷ್ಟಕ್ಕೇ ಅವರಿಗೆ ಸಾಲ ಸಿಗುವುದು ನಿಂತಿತು, ಅವರ ಬೆಳೆಯನ್ನು ಕೊಯ್ಯಲು ಯಂತ್ರವನ್ನು ಯಾರೂ ಬಾಡಿಗೆಗೆ ಕೊಡದಾದರು, ಮನೆಯ ಮೇಲೆ ಗುಂಡು ಹಾರಿತು.

ಆದರೂ 1949ರ ನವೆಂಬರಿನಲ್ಲಿ ಹೆತ್ತವರೂ ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನ ಸಮಾನ ಶಾಲೆಗಾಗಿ ಅರ್ಜಿಗೆ ಸಹಿ ಹಾಕಿದರು. ಅಕ್ಷರಕ್ರಮದಲ್ಲಿ ಮೊದಲು ಬಂದ ಹೆಸರು ಹ್ಯಾರಿ ಬ್ರಿಗ್ಸ್ ಅವರದು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದು ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಅವರನ್ನು ಕ್ರಿಸ್ಮಸ್‌ನ ಹಿಂದಿನ ದಿನ ಕೆಲಸದಿಂದ ತೆಗೆದರು. ಮೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತಿದ್ದ ಹೆಂಡತಿ ಎಲೈಜಾ ಬ್ರಿಗ್ಸ್ ಅವರನ್ನೂ ತೆಗೆದರು. ಹೊಟ್ಟೆಪಾಡಿಗಾಗಿ ಹ್ಯಾರಿ ಸಂಸಾರವನ್ನು ಬಿಟ್ಟು ಫ್ಲಾರಿಡಾಕ್ಕೆ ಹೋಗಬೇಕಾಯಿತು. ಬ್ರಿಗ್ಸ್ ಹೆಸರಿನ ಆ ದಾವೆಯೂ ಸೇರಿ ಐದು ಕಡೆಯ ದಾವೆಗಳನ್ನು ಒಟ್ಟಾಗಿ ಕೇಳಿ, 1954ರ ಮೇ 17ರಂದು ಸರ್ಕಾರಿ ಶಾಲೆಗಳಲ್ಲಿ ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಇಷ್ಟಾಗಿಯೂ ಸಮ್ಮರ್ಟನ್‌ನ ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಕಾಲಿಡಲು 1965ರವರೆಗೆ ಕಾಯಬೇಕಾಯಿತು. ಸಹಿ ಹಾಕಿದವರ ಎಷ್ಟೋ ಮಕ್ಕಳು ಅಷ್ಟರಲ್ಲಿ ಓದುವ ವಯಸ್ಸನ್ನೇ ದಾಟಿದ್ದರು.

ಇಂಥ ತಂದೆ ತಾಯಂದಿರನ್ನು ಗೌರವಿಸುವುದೆಂದರೆ ಏನು ಮಾಡಬೇಕು ಎಂಬುದೇ ನನ್ನ ಪ್ರಶ್ನೆ. ಪದಕ, ಪ್ರತಿಮೆ, ಹೆಸರಿನ ಫಲಕ ಇವೆಲ್ಲ ಬೇಕು. ಆದರೆ ಅವರು ಕಳೆದುಕೊಂಡದ್ದರ ಲೆಕ್ಕವನ್ನು ಬಿಡಿಸಿ ಹೇಳದೆ ಬರಿಯ ಹೊಗಳಿಕೆಯ ಮಾತು ಆಡಿದರೆ ಅದು ಅರೆಗೌರವವೆಂದು ನನಗೆ ಅನ್ನಿಸುತ್ತದೆ. ತಿಳಿದವರು ಹೇಳಬೇಕು.

ಕಾನೂನು ಓದುಗ

ಒಳ್ಳೆಯ ಪ್ರಶ್ನೆಯನ್ನು ಎತ್ತಿದ್ದೀರಿ ಸರ್. ನೀವು ಹೇಳಿದ ಲೆಕ್ಕಕ್ಕೆ ಒಂದು ಮೊತ್ತವನ್ನು ಸೇರಿಸುತ್ತೇನೆ. 1949-50ರಲ್ಲಿ ಆ ಜಿಲ್ಲೆ ಒಬ್ಬ ಬಿಳಿಯ ವಿದ್ಯಾರ್ಥಿಗೆ 179 ಡಾಲರ್ ಖರ್ಚು ಮಾಡಿದರೆ ಕಪ್ಪು ವಿದ್ಯಾರ್ಥಿಗೆ 43 ಡಾಲರ್ ಮಾತ್ರ ಖರ್ಚು ಮಾಡುತ್ತಿತ್ತು. ಹೆತ್ತವರು ಕೇಳಿದ್ದು ಯಾವ ಅಸಮಾನತೆಯ ಎದುರಿಗೆ ಎಂಬುದು ಈ ಎರಡು ಅಂಕಿಗಳಿಂದಲೇ ಮಕ್ಕಳಿಗೆ ಅರ್ಥವಾಗುತ್ತದೆ.

ಹೆಸರಿನ ವಿಷಯದಲ್ಲಿ ನಾನು ಹೇಳಬೇಕಾದದ್ದು ಬೇರೆ. 1954ರ ತೀರ್ಪನ್ನು ಲೋಕವೆಲ್ಲ ಬ್ರೌನ್ ಮೊಕದ್ದಮೆ ಎಂದೇ ಕರೆಯುತ್ತದೆ. ಕಾನ್ಸಾಸ್ ರಾಜ್ಯದ ಟೊಪೀಕಾ ನಗರದ ಆಲಿವರ್ ಬ್ರೌನ್ ರೈಲ್ವೆಯಲ್ಲಿ ವೆಲ್ಡರ್ ಆಗಿದ್ದವರು, ಚರ್ಚಿನಲ್ಲಿ ಸಹಾಯಕ ಪಾದ್ರಿ. ಮಗಳು ಲಿಂಡಾಳನ್ನು ಮನೆಯ ಹತ್ತಿರದ ಸಮ್ನರ್ ಶಾಲೆಗೆ ಸೇರಿಸಲು ಹೋಗಿ ನಿರಾಕರಣೆಗೆ ಒಳಗಾದರು. ಆದರೆ ಟೊಪೀಕಾದ ದಾವೆಯಲ್ಲಿ ಹೆಸರು ಕೊಟ್ಟ ಪೋಷಕರು ಹದಿಮೂರು ಮಂದಿ, ಅವರಲ್ಲಿ ಹನ್ನೆರಡು ಮಂದಿ ತಾಯಂದಿರು. ಡಾರ್ಲೀನ್ ಬ್ರೌನ್, ಲೀನಾ ಕಾರ್ಪರ್, ಸೇಡಿ ಇಮ್ಯಾನ್ಯುಯಲ್, ಮಾರ್ಗರಿಟ್ ಎಮರ್ಸನ್, ಶರ್ಲಿ ಫ್ಲೆಮಿಂಗ್, ಜೆಲ್ಮಾ ಹೆಂಡರ್ಸನ್, ಶರ್ಲಿ ಹಾಡಿಸನ್, ಮಾಡ್ ಲಾಟನ್, ಆಲ್ಮಾ ಲೂಯಿಸ್, ಅಯೋನಾ ರಿಚರ್ಡ್‌ಸನ್, ವಿವಿಯನ್ ಸ್ಕೇಲ್ಸ್, ಲುಸಿಂಡಾ ಟಾಡ್. ಅಕ್ಷರಕ್ರಮವನ್ನೇ ಹಿಡಿದಿದ್ದರೆ ಡಾರ್ಲೀನ್ ಬ್ರೌನ್ ಹೆಸರು ಮೊದಲು ಬರಬೇಕಿತ್ತು. ಗಂಡಸಿನ ಹೆಸರು ಮುಂದಿದ್ದರೆ ಒಳ್ಳೆಯದೆಂಬ ಎಣಿಕೆ ಇದರ ಹಿಂದೆ ಇತ್ತೆಂದು ಹಲವರು ನಂಬುತ್ತಾರೆ.

ಈ ಹನ್ನೆರಡರಲ್ಲಿ ಲುಸಿಂಡಾ ಟಾಡ್ ಅವರ ಬಗ್ಗೆ ನನಗೆ ವಿಶೇಷವಾದ ಗೌರವವಿದೆ. ಮದುವೆಯಾದ ಹೆಂಗಸರಿಗೆ ಅಧ್ಯಾಪಕಿಯಾಗಿ ಮುಂದುವರಿಯಲು ಬಿಡದ ಕಾಲದಲ್ಲಿ ಕೆಲಸ ಬಿಡಬೇಕಾಗಿ ಬಂದ ಮೇಷ್ಟರಮ್ಮ ಆಕೆ. ಊರಿನ ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಸಂಗೀತ ಕಾರ್ಯಕ್ರಮ ನಡೆಸುತ್ತವೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಆ ‘ಎಲ್ಲ’ ಶಾಲೆಗಳ ಪಟ್ಟಿಯಲ್ಲಿ ಕಪ್ಪು ಮಕ್ಕಳ ನಾಲ್ಕು ಶಾಲೆಗಳು ಇಲ್ಲವೆಂಬುದು ಅವರ ಕಣ್ಣಿಗೆ ಬಿತ್ತು. ಅವರ ಮಗಳಿಗೆ ಪಿಟೀಲು ನುಡಿಸುವ ಆಸೆ. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಪಿಟೀಲಿನ ಮಾತು ಇಲ್ಲ. ಆದರೆ ಇಂಥ ಕಾರಣಗಳಿಗಾಗಿಯೇ ತಾಯಂದಿರು ಸಹಿ ಹಾಕಿದರು.

ಡೆಲವೇರ್‌ನ ಸೇರಾ ಬುಲಾ ಅವರನ್ನೂ ಪಾಠದಲ್ಲಿ ಸೇರಿಸಿ. ಅವರ ಮನೆಯ ಮುಂದೆಯೇ ಬಿಳಿಯ ಮಕ್ಕಳ ಬಸ್ಸು ಹಾದುಹೋಗುತ್ತಿತ್ತು, ತಮ್ಮ ದತ್ತುಮಗಳು ಶರ್ಲಿಯನ್ನು ಮಾತ್ರ ಅವರೇ ದೂರದ ಶಾಲೆಗೆ ಕಾರಿನಲ್ಲಿ ಬಿಡಬೇಕಿತ್ತು. ಗವರ್ನರ್‌ವರೆಗೆ ಕಾಗದ ಬರೆದರು. ವಕೀಲ ಲೂಯಿ ರೆಡಿಂಗ್ ‘ಬಸ್ಸು ಬೇಡ, ಶಾಲೆಯನ್ನೇ ಕೇಳೋಣ’ ಎಂದಾಗ ಹಿಂದೆ ಸರಿಯಲಿಲ್ಲ. 1952ರಲ್ಲಿ ರಾಜ್ಯದ ನ್ಯಾಯಾಧೀಶ ಕಾಲಿನ್ಸ್ ಸೈಟ್ಜ್ ಅವರ ಪರವಾಗಿ ತೀರ್ಪಿತ್ತರು. ಸುಪ್ರೀಂ ಕೋರ್ಟಿಗೆ ಹೋದ ಐದು ದಾವೆಗಳ ಪೈಕಿ ಕೆಳಗಿನ ನ್ಯಾಯಾಲಯದಲ್ಲಿಯೇ ಕಪ್ಪು ಮಕ್ಕಳಿಗೆ ಬಿಳಿಯರ ಶಾಲೆಯ ಪ್ರವೇಶ ದೊರೆತದ್ದು ಡೆಲವೇರ್‌ನಲ್ಲಿ ಮಾತ್ರ.

ಒಬ್ಬ ತಾಯಿ

ನಿಮ್ಮಿಬ್ಬರ ಬರಹವನ್ನೂ ಗಮನವಿಟ್ಟು ಓದಿದೆ. ನನ್ನ ಮನಸ್ಸಿನಲ್ಲಿರುವ ಒಂದು ಹಿಂಜರಿಕೆಯನ್ನು ಮುಚ್ಚಿಡದೆ ಹೇಳುತ್ತೇನೆ, ತಪ್ಪು ತಿಳಿಯಬಾರದು. ನ್ಯಾಯಾಲಯದ ಅರ್ಜಿಗೆ ಸಹಿ ಹಾಕಿ ಕೆಲಸ ಕಳೆದುಕೊಂಡವರ ತ್ಯಾಗದ ಬಗ್ಗೆ ನನಗೆ ಯಾವ ಪ್ರಶ್ನೆಯೂ ಇಲ್ಲ. ಆದರೆ ಉಗುಳುವ, ಕಲ್ಲೆಸೆಯುವ ಗುಂಪಿನ ನಡುವೆ ತಮ್ಮ ಮಗುವನ್ನು ಕಳುಹಿಸಿದ್ದನ್ನು ನಾನು ತಾಯಿಯಾಗಿ ಹೇಗೆ ನೋಡಬೇಕು? ಹನ್ನಾ ಅರೆಂಟ್ ಅವರಂಥ ದೊಡ್ಡ ಚಿಂತಕಿಯೂ 1959ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದೊಡ್ಡವರು ತಾವು ಬಗೆಹರಿಸಲಾರದ ಜಗಳದ ಹೊರೆಯನ್ನು ಮಕ್ಕಳ ಹೆಗಲಿಗೆ ಹಾಕಿದ್ದಾರೆ ಎಂಬ ಅರ್ಥದಲ್ಲಿ ಆಕ್ಷೇಪಿಸಿದ್ದರು.

ಷಾರ್ಲಟ್‌ನದೇ ಉದಾಹರಣೆ ಇದೆ. 1957ರ ಸೆಪ್ಟೆಂಬರಿನಲ್ಲಿ ಡೊರೊತಿ ಕೌಂಟ್ಸ್ ಎಂಬ ಹದಿನೈದು ವರ್ಷದ ಕಪ್ಪು ಹುಡುಗಿ ಬಿಳಿಯರ ಹಾರ್ಡಿಂಗ್ ಹೈಸ್ಕೂಲಿಗೆ ಹೋದಳು. ಗುಂಪು ಹಿಂದೆ ಬಿದ್ದು ಗೇಲಿ ಮಾಡಿದ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲಿ ಬಂತು. ನಾಲ್ಕೇ ದಿನಕ್ಕೆ ತಂದೆ ತಾಯಿ ಆಕೆಯನ್ನು ಶಾಲೆಯಿಂದ ಬಿಡಿಸಿ ಫಿಲಡೆಲ್ಫಿಯಾಕ್ಕೆ ಓದಲು ಕಳುಹಿಸಿದರು. ಕೊನೆಯವರೆಗೆ ನಿಂತವರಿಗೆ ಮಾತ್ರ ಹಾರ ಹಾಕುವುದಾದರೆ, ಮಗಳ ಸುರಕ್ಷತೆಗಾಗಿ ಹಿಂದೆ ಸರಿದ ಈ ತಂದೆ ತಾಯಿಯ ಸ್ಥಾನ ಎಲ್ಲಿ? ಪಾಠ ಕೇಳುವ ಮಕ್ಕಳಿಗೆ ‘ಮಗುವನ್ನು ಒತ್ತೆಯಿಟ್ಟವರೇ ಒಳ್ಳೆಯ ಹೆತ್ತವರು’ ಎಂಬ ಭಾವನೆ ಬರಬಾರದಲ್ಲವೇ?

ಷಾರ್ಲಟ್ ಕನ್ನಡಿಗ

ಮೇಡಂ, ಈ ಪ್ರಶ್ನೆಯನ್ನು ಕೇಳಿ ಒಳ್ಳೆಯದನ್ನೇ ಮಾಡಿದಿರಿ. ಇದನ್ನು ದಾಟಿಹೋಗುವ ಪಾಠ ಪಾಠವಾಗುವುದಿಲ್ಲ.

ಅರೆಂಟ್ ಅವರಿಗೆ ಉತ್ತರ ಕೊಟ್ಟವರು ಕಪ್ಪು ಜನಾಂಗದ ಲೇಖಕ ರಾಲ್ಫ್ ಎಲಿಸನ್. ದಕ್ಷಿಣದ ಕಪ್ಪು ಹೆತ್ತವರಿಗೆ ಮಕ್ಕಳು ಎದುರಿಸುವ ಭಯದ ಅರಿವು ಚೆನ್ನಾಗಿಯೇ ಇತ್ತು, ಆ ಭಯದ ನಡುವೆ ತಲೆಯೆತ್ತಿ ಬದುಕುವುದನ್ನು ಕಲಿಸದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ ಎಂಬುದು ಅವರ ಮಾತಿನ ಸಾರ. 1965ರಲ್ಲಿ ಅರೆಂಟ್ ಎಲಿಸನ್‌ಗೆ ಕಾಗದ ಬರೆದು ಈ ಅಂಶ ತನಗೆ ಅರ್ಥವಾಗಿರಲಿಲ್ಲವೆಂದು ಒಪ್ಪಿಕೊಂಡರು.

ಹೆತ್ತವರು ಮಕ್ಕಳನ್ನು ಒಂಟಿಯಾಗಿ ಬಿಟ್ಟರೆಂಬ ಮಾತು ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ವಿಷಯದಲ್ಲಂತೂ ನಿಲ್ಲುವುದಿಲ್ಲ. 1957ರಲ್ಲಿ ಅಲ್ಲಿನ ಬಿಳಿಯರ ಸೆಂಟ್ರಲ್ ಹೈಸ್ಕೂಲಿಗೆ ಹೋಗಬೇಕಿದ್ದ ಒಂಬತ್ತು ಕಪ್ಪು ಮಕ್ಕಳ ಜೊತೆಗೆ ಬರಬಾರದೆಂದು ಹೆತ್ತವರಿಗೆ ಶಾಲಾ ಅಧಿಕಾರಿಗಳೇ ಸೂಚಿಸಿದ್ದರು. ದೊಡ್ಡವರಿದ್ದರೆ ಗುಂಪು ಇನ್ನಷ್ಟು ಕೆರಳುತ್ತದೆ, ಮಕ್ಕಳನ್ನು ಕಾಯುವುದು ಕಷ್ಟವಾಗುತ್ತದೆ ಎಂಬುದು ಅವರ ವಾದ. ಮಕ್ಕಳೆಲ್ಲ ಒಟ್ಟಾಗಿ ಹೋಗಬೇಕೆಂದು ಹಿಂದಿನ ರಾತ್ರಿ ಅಲ್ಲಿನ ಕಪ್ಪು ಜನರ ಹಕ್ಕುಗಳ ಹೋರಾಟದ ಮುಖಂಡರಾದ ಡೇಸಿ ಬೇಟ್ಸ್ ಏರ್ಪಾಡು ಮಾಡಿದರು. ಆ ಒಂಬತ್ತು ಮಕ್ಕಳಲ್ಲಿ ಒಬ್ಬಳಾದ ಎಲಿಜಬೆತ್ ಎಕ್‌ಫರ್ಡ್ ಅವರ ಮನೆಯಲ್ಲಿ ಫೋನ್ ಇಲ್ಲದ್ದರಿಂದ ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. ಸೆಪ್ಟೆಂಬರ್ 4ರ ಬೆಳಿಗ್ಗೆ ತಂದೆ ಆಸ್ಕರ್ ಎಕ್‌ಫರ್ಡ್ ಬಾಯಲ್ಲಿ ಪೈಪು, ಕೈಯಲ್ಲಿ ಚುಟ್ಟ ಹಿಡಿದು, ಎರಡನ್ನೂ ಹೊತ್ತಿಸದೆ ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದರು. ತಾಯಿ ಬರ್ಡಿ ಮನೆಮಂದಿಯನ್ನೆಲ್ಲ ಸೇರಿಸಿ ಪ್ರಾರ್ಥನೆ ಮಾಡಿಸಿದರು. ಅನಂತರ ಎಲಿಜಬೆತ್ ಒಬ್ಬಳೇ ಬಸ್ಸು ಹತ್ತಿದಳು. ಶಾಲೆಯ ಮುಂದೆ ರಾಜ್ಯದ ಸೈನಿಕರು ದಾರಿ ಬಿಡಲಿಲ್ಲ, ಹಿಂದಿನಿಂದ ಗುಂಪು ಬೆನ್ನಟ್ಟಿತು. ಹೇಗೋ ಪಾರಾದ ಹುಡುಗಿ ನೇರವಾಗಿ ಹೋದದ್ದು ತಾಯಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದ ಜಾಗಕ್ಕೆ. ಆ ತಾಯಿಗೆ ಮುಂದೆ ಆ ಕೆಲಸವೂ ಉಳಿಯಲಿಲ್ಲ.

ಅದೇ ಒಂಬತ್ತು ಮಕ್ಕಳಲ್ಲಿ ಒಬ್ಬಳಾದ ಗ್ಲೋರಿಯಾ ರೇ ಅವರ ತಾಯಿ, ಮಗಳನ್ನು ಶಾಲೆಯಿಂದ ಹಿಂದಕ್ಕೆ ಕರೆಸಲು ಒಪ್ಪದೆ ರಾಜ್ಯ ಸರ್ಕಾರದ ಹುದ್ದೆ ಕಳೆದುಕೊಂಡರು. ಕಾರ್ಲಾಟಾ ವಾಲ್ಸ್ ಅವರ ತಂದೆ ಗಾರೆ ಕೆಲಸದವರು. ಊರಿನಲ್ಲಿ ಕೆಲಸ ಸಿಗುವುದು ನಿಂತು ಬೇರೆ ಕಡೆ ಅಲೆಯಬೇಕಾಯಿತು. 1960ರ ಫೆಬ್ರವರಿಯಲ್ಲಿ ಅವರ ಮನೆಗೆ ಬಾಂಬ್ ಬಿದ್ದಾಗ ಪೊಲೀಸರು ಆ ತಂದೆಯನ್ನೇ ಹಿಡಿದುಕೊಂಡು ಹೋಗಿ ವಿಚಾರಣೆ ಮಾಡಿದರು. ಒಂಬತ್ತು ಮಂದಿಗೂ 1999ರಲ್ಲಿ ಅಮೆರಿಕದ ಸಂಸತ್ತಿನ ಚಿನ್ನದ ಪದಕ ದೊರೆಯಿತು, ಲಿಟಲ್ ರಾಕ್‌ನಲ್ಲಿ ಅವರ ಪ್ರತಿಮೆಗಳೂ ನಿಂತಿವೆ. ಹೆತ್ತವರ ಪ್ರತಿಮೆ ಆ ಸಾಲಿನಲ್ಲಿ ಇಲ್ಲ.

ಒಳಗೆ ಅವರಿಗೆ ಏನಾಗುತ್ತಿತ್ತು ಎಂಬುದಕ್ಕೆ ಮೇ ಬರ್ತಾ ಕಾರ್ಟರ್ ಅವರ ಅನುಭವಕ್ಕಿಂತ ಹತ್ತಿರದ ಸಾಕ್ಷ್ಯ ನನಗೆ ಸಿಕ್ಕಿಲ್ಲ. ಮಿಸಿಸಿಪ್ಪಿಯ ಡ್ರೂ ಊರಿನ ಬಳಿಯ ಹತ್ತಿ ತೋಟದಲ್ಲಿ ಪಾಲಿಗೆ ದುಡಿಯುತ್ತಿದ್ದ ಮ್ಯಾಥ್ಯೂ ಮತ್ತು ಮೇ ಬರ್ತಾ ದಂಪತಿಗೆ ಹದಿಮೂರು ಮಕ್ಕಳು. 1965ರಲ್ಲಿ, ಯಾವ ಶಾಲೆ ಬೇಕಾದರೂ ಆರಿಸಿಕೊಳ್ಳಬಹುದೆಂದು ಕಾಗದದ ಮೇಲೆ ಹೇಳಿದ್ದನ್ನು ನಂಬಿ, ಶಾಲೆಗೆ ಹೋಗುವ ತಮ್ಮ ಏಳು ಮಕ್ಕಳನ್ನು ಬಿಳಿಯರ ಶಾಲೆಗಳಿಗೆ ಸೇರಿಸಿದರು. ತೋಟದ ಮೇಲ್ವಿಚಾರಕ ಮನೆಗೆ ಬಂದು ಮನಸ್ಸು ಬದಲಾಯಿಸಿಕೊಳ್ಳಿ ಎಂದಾಗ, ಮೇ ಬರ್ತಾ ಅಧ್ಯಕ್ಷ ಕೆನಡಿ 1963ರಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾಡಿದ್ದ ಭಾಷಣದ ರೆಕಾರ್ಡನ್ನು ಜಗಲಿಯ ಮೇಲೆ ಹಾಕಿದರು. ಮನೆಯ ಮೇಲೆ ಗುಂಡಿನ ಸುರಿಮಳೆಯಾಯಿತು, ಮಕ್ಕಳೊಂದಿಗೆ ನೆಲದ ಮೇಲೆ ಮಲಗಿದರು, ಅಂಗಡಿಯ ಸಾಲ ನಿಂತಿತು, ಕೊನೆಗೆ ಆ ಜಮೀನಿನಿಂದಲೇ ಹೊರಬಿದ್ದರು. ಬೆಳಿಗ್ಗೆ ಬಸ್ಸು ಹೊರಟ ಮೇಲೆ ಆಕೆ ಹಾಸಿಗೆಯ ಮೇಲೆ ಬಿದ್ದುಕೊಂಡು ಪ್ರಾರ್ಥಿಸುತ್ತಿದ್ದರಂತೆ. ಸಂಜೆ ಬಸ್ಸಿನ ಸದ್ದು ಕೇಳಿದಾಗ ಎದ್ದುಬಂದು, ಇಳಿಯುವ ಮಕ್ಕಳನ್ನು ಒಂದೊಂದಾಗಿ ಎಣಿಸುತ್ತಿದ್ದರಂತೆ. ಈ ತಾಯಿ ಮಕ್ಕಳನ್ನು ಒತ್ತೆಯಿಟ್ಟರು ಎಂದು ನಾನು ಹೇಳಲಾರೆ. ತಲೆಮಾರುಗಳಿಂದ ಹತ್ತಿ ಬಿಡಿಸಿಯೇ ಮುಗಿಯುತ್ತಿದ್ದ ಬದುಕಿನಿಂದ ಅವರನ್ನು ಹೊರತರಲು ಆಕೆಗೆ ಕಂಡದ್ದು ಅದೊಂದೇ ದಾರಿ. ಮುಂದೆ ಅವರ ಮಕ್ಕಳಲ್ಲಿ ಹೆಚ್ಚಿನವರು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿಯೇ ಪದವಿ ಪಡೆದರು.

ಒಬ್ಬ ತಾಯಿ

ಮಕ್ಕಳನ್ನು ಎಣಿಸುತ್ತಿದ್ದರು ಎಂಬಲ್ಲಿಗೆ ಬಂದಾಗ ಮುಂದೆ ಓದಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ಎರಡನೆಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಕೌಂಟ್ಸ್ ದಂಪತಿಯಂತೆ ಹಿಂದೆ ಸರಿದವರನ್ನು ಏನೆನ್ನಬೇಕು?

ಇನ್ನೊಂದನ್ನೂ ಪಾಠದಲ್ಲಿ ಹೇಳಿ. ತಂದೆ ತಾಯಿ ಯಾವಾಗಲೂ ಒಂದೇ ಮನಸ್ಸಿನವರಾಗಿದ್ದರು ಎಂಬ ಚಿತ್ರ ನಿಜವಲ್ಲ. ರೂಬಿಯನ್ನು ಆ ಶಾಲೆಗೆ ಕಳುಹಿಸಲು ಏಬನ್ ಅವರಿಗೆ ಇಷ್ಟವಿರಲಿಲ್ಲ. ಯುದ್ಧಭೂಮಿಯಲ್ಲಿ ಜೊತೆಗೆ ಹೋರಾಡಿಯೂ ಸಮಾನತೆ ಸಿಗದ ಮನುಷ್ಯನಿಗೆ ಶಾಲೆಯಿಂದ ಅದು ಸಿಕ್ಕೀತೆಂಬ ನಂಬಿಕೆ ಹೇಗೆ ಬರಬೇಕು? ಹಟ ಹಿಡಿದವರು ಲೂಸಿಲ್. ತನಗೆ ದಕ್ಕದ ಓದು ಮಗಳಿಗಾದರೂ ದಕ್ಕಬೇಕೆಂಬ ಹಟ ಅದು. ವಿಷ ಹಾಕುವ ಬೆದರಿಕೆಯಿದ್ದುದರಿಂದ ರೂಬಿ ಮನೆಯಿಂದ ತಂದ ಊಟವನ್ನು ಮಾತ್ರ ತಿನ್ನಬೇಕಿತ್ತು. ವರ್ಷವಿಡೀ ಬಾರ್ಬರಾ ಹೆನ್ರಿ ಎಂಬ ಅಧ್ಯಾಪಕಿಯ ಎದುರು ಒಬ್ಬಳೇ ಕುಳಿತು ಕಲಿತಳು. ಕಾಲಾನಂತರ ತಂದೆ ತಾಯಿ ಬೇರೆಯಾದರು. ಅಂಥ ಒತ್ತಡದಲ್ಲಿ ಸಂಸಾರ ನಲುಗಿದ್ದನ್ನು ಹೇಳದೆ ಗೌರವ ಸಲ್ಲಿಸಲಾಗದು. ಹಾಗೆಯೇ ನೆರೆಹೊರೆಯವರನ್ನು ಮರೆಯಬೇಡಿ. ಏಬನ್‌ಗೆ ಮನೆಗೆ ಬಣ್ಣ ಹೊಡೆಯುವ ಕೆಲಸ ಕೊಡಿಸಿದವರು, ಮಾರ್ಷಲ್‌ಗಳ ಕಾರಿನ ಹಿಂದೆ ನಡೆದುಹೋದವರು ಅದೇ ಬೀದಿಯ ಜನ.

ಕಾನೂನು ಓದುಗ

ಹಿಂದೆ ಸರಿದವರ ಬಗ್ಗೆ ಮೇಡಂ ಕೇಳಿದ್ದಕ್ಕೆ ನನ್ನ ಅಭಿಪ್ರಾಯ ಖಚಿತವಾಗಿದೆ: ಅವರೂ ಪಟ್ಟಿಯಲ್ಲಿ ಇರಬೇಕು. ಮಿಸಿಸಿಪ್ಪಿಯ ಯಾಜೂ ಸಿಟಿಯಲ್ಲಿ 1955ರಲ್ಲಿ 53 ಮಂದಿ ಕಪ್ಪು ನಾಗರಿಕರು ಶಾಲೆಗಳನ್ನು ಒಂದುಗೂಡಿಸಿ ಎಂದು ಅರ್ಜಿ ಕೊಟ್ಟರು. ಸಿಟಿಜನ್ಸ್ ಕೌನ್ಸಿಲ್ ಎಂಬ ಬಿಳಿಯರ ಸಂಘ ಸಹಿ ಹಾಕಿದವರ ಹೆಸರುಗಳನ್ನೆಲ್ಲ ಪತ್ರಿಕೆಯಲ್ಲಿ ಜಾಹೀರಾತಾಗಿ ಹಾಕಿಸಿತು. ಒಬ್ಬರ ಹಿಂದೊಬ್ಬರು ಕೆಲಸ ಕಳೆದುಕೊಂಡರು, ಅಂಗಡಿಯವರು ಸಾಮಾನು ಕೊಡದಾದರು. ಹೆದರಿ ಹೆಸರು ಹಿಂದೆಗೆದುಕೊಂಡವರಲ್ಲಿ ಹಲವರಿಗೆ ಹೋದ ಕೆಲಸ ಮತ್ತೆ ಸಿಗಲಿಲ್ಲ. ಒಂದು ದಿನವಾದರೂ ತಮ್ಮ ಹೆಸರನ್ನು ಬಹಿರಂಗವಾಗಿ ಬರೆದುಕೊಟ್ಟವರು ಬೆಲೆ ತೆತ್ತವರೇ. ಅವರ ಧೈರ್ಯವನ್ನು ಅಳೆಯುವ ಅಧಿಕಾರ, ಏನನ್ನೂ ಕಳೆದುಕೊಳ್ಳುವ ಭಯವಿಲ್ಲದೆ ಬರೆಯುತ್ತಿರುವ ನಮಗೆ ಇಲ್ಲ.

ಭಾರತಕ್ಕೂ ಈ ಚರಿತ್ರೆಗೂ ಇರುವ ಒಂದು ಎಳೆ ನಿಮ್ಮ ಊರಿನಲ್ಲಿಯೇ ಇದೆ ಎಂಬುದನ್ನು ಷಾರ್ಲಟ್‌ನವರಿಗೆ ನೆನಪಿಸುತ್ತೇನೆ. ಡೇರಿಯಸ್ ಸ್ವಾನ್ ಮತ್ತು ವೇರಾ ಸ್ವಾನ್ ಪ್ರೆಸ್ಬಿಟೇರಿಯನ್ ಮಿಷನರಿಗಳಾಗಿ ಉತ್ತರ ಭಾರತದಲ್ಲಿ ವರ್ಷಗಳ ಕಾಲ ಇದ್ದವರು. ಡೇರಿಯಸ್ ಮುಂದೆ ಭಾರತೀಯ ರಂಗಭೂಮಿಯ ವಿದ್ವಾಂಸರೂ ಆದರು. ಅವರ ಮಗ ಜೇಮ್ಸ್ ಬೆಳೆದದ್ದು ಭಾರತದಲ್ಲಿ. 1964ರಲ್ಲಿ ಷಾರ್ಲಟ್‌ಗೆ ಬಂದಾಗ ಮನೆಯ ಹತ್ತಿರದ, ಎರಡೂ ಬಣ್ಣದ ಮಕ್ಕಳಿದ್ದ ಸೆವರ್ಸ್‌ವಿಲ್ ಶಾಲೆಗೆ ಹೋದ ಹುಡುಗನನ್ನು, ನಿನ್ನದು ಕಪ್ಪು ಮಕ್ಕಳ ಬಿಡಲ್‌ವಿಲ್ ಶಾಲೆ ಎಂದು ಚೀಟಿ ಕೊಟ್ಟು ಮನೆಗೆ ಕಳುಹಿಸಿದರು. ಜನಾಂಗದ ಆಧಾರದ ಮೇಲೆ ಬೇರ್ಪಡಿಸುವುದೆಂದರೇನು ಎಂಬುದನ್ನೇ ನಮ್ಮ ಮಗ ಅರಿಯದೆ ಬೆಳೆದಿದ್ದಾನೆ, ಎಲ್ಲ ಬಗೆಯ ಮಕ್ಕಳೊಂದಿಗೆ ಓದುವುದು ಅವನಿಗೆ ಅಗತ್ಯ ಎಂಬ ಭಾವದ ಪತ್ರವನ್ನು ತಂದೆ ಶಾಲಾ ಮಂಡಳಿಗೆ ಬರೆದರು. ಮಂಡಳಿ ಒಪ್ಪಲಿಲ್ಲ. ಇತರ ಕುಟುಂಬಗಳೂ ಸೇರಿ 1965ರಲ್ಲಿ ದಾವೆ ಹೂಡಿದರು. ವಾದಿಸಿದ ವಕೀಲ ಜೂಲಿಯಸ್ ಚೇಂಬರ್ಸ್ ಅವರ ಮನೆಗೆ ಅದೇ ವರ್ಷ ಬಾಂಬ್ ಬಿತ್ತು. 1971ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ, ಬಸ್ಸುಗಳಲ್ಲಿ ಮಕ್ಕಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕರೆದೊಯ್ದಾದರೂ ಶಾಲೆಗಳನ್ನು ಒಂದುಗೂಡಿಸುವುದು ನ್ಯಾಯಸಮ್ಮತವೆಂದಿತು. ಡೇರಿಯಸ್ ಸ್ವಾನ್ 2020ರಲ್ಲಿ ತೀರಿಕೊಂಡರು.

ಧಾರವಾಡದ ಓದುಗ

ಇಷ್ಟು ಹೊತ್ತು ಓದುತ್ತಿದ್ದೆ. ಭಾರತದ ಮಾತು ಬಂದದ್ದರಿಂದ ನಮ್ಮ ಊರಿನ ಒಂದು ಸಂಗತಿಯನ್ನು ಹೇಳುವುದು ಅಗತ್ಯವೆನಿಸಿತು. ಸ್ವಾನ್ ಅವರ ಮಗ ಭಾರತದಲ್ಲಿ ವರ್ಣಭೇದವನ್ನು ಕಾಣದಿರಬಹುದು. ಆದರೆ ಶಾಲೆಯ ಬಾಗಿಲಲ್ಲಿ ಮಕ್ಕಳನ್ನು ತಡೆಯುವುದು ನಮ್ಮ ನೆಲಕ್ಕೂ ಹೊಸದಲ್ಲ.

1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ್ ಜಾತಿಯ ಒಬ್ಬ ಹುಡುಗನ ಪರವಾಗಿ ಮುಂಬೈ ಸರ್ಕಾರಕ್ಕೆ ಅರ್ಜಿ ಹೋಯಿತು. ಒಬ್ಬನಿಗಾಗಿ ಒತ್ತಾಯ ಮಾಡಿದರೆ ಸವರ್ಣೀಯರ ಮಕ್ಕಳಿರುವ ಶಾಲೆ ಹೆಚ್ಚಿನ ಜನರಿಗೆ ನಿರುಪಯೋಗವಾಗುತ್ತದೆ ಎಂಬ ಕಾರಣ ಕೊಟ್ಟು ಸರ್ಕಾರ ಅದನ್ನು ನಿರಾಕರಿಸಿತು. ನ್ಯಾಯ ಅರ್ಜಿದಾರನ ಪರವಾಗಿದೆ ಎಂದು ಒಂದು ಕಡೆ ಒಪ್ಪುತ್ತಲೇ ಕೊಟ್ಟ ನಿರಾಕರಣೆ ಅದು. ಎರಡು ವರ್ಷದ ಬಳಿಕ, 1858ರಲ್ಲಿ, ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ನಿಲುವನ್ನು ಬರೆದು ಕಳುಹಿಸಿದರು. ಡಾ. ಅಂಬೇಡ್ಕರ್ ಈ ಪ್ರಕರಣವನ್ನು ತಮ್ಮ ಬರಹದಲ್ಲಿ ಎತ್ತಿಕೊಂಡಿದ್ದಾರೆ. ಅಮೆರಿಕದ ಒಕ್ಕೂಟದಲ್ಲಿ ಗುಲಾಮಗಿರಿಯೇ ಇನ್ನೂ ಕಾನೂನುಬದ್ಧವಾಗಿದ್ದ ಕಾಲ ಅದು ಎಂಬುದನ್ನು ನೆನೆದರೆ, ಧಾರವಾಡದ ಆ ಅರ್ಜಿ ಎಷ್ಟು ಮುಂಚಿನದೆಂಬುದು ತಿಳಿಯುತ್ತದೆ.

ಎರಡೂ ಒಂದೇ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಜಾತಿ ಬೇರೆ, ಜನಾಂಗ ಬೇರೆ, ಕಾಲವೂ ಬೇರೆ. ನನಗೆ ಮುಖ್ಯವಾಗಿ ಕಾಣುವುದು ಕಡತದ ಸ್ವಭಾವ. ಆ ಸರ್ಕಾರಿ ದಾಖಲೆ ಆತನನ್ನು ಗುರುತಿಸುವುದು ‘ಒಬ್ಬ ಮಹಾರ್ ಹುಡುಗ’ ಎಂದಷ್ಟೇ. ಮನೆಯಲ್ಲಿ ಯಾರು ‘ಹೋಗಿ ಕೇಳು’ ಎಂದರು, ಕೇಳಿದ್ದಕ್ಕೆ ಆ ಮನೆಗೆ ಏನಾಯಿತು ಎಂಬುದರ ಒಂದು ಸಾಲೂ ಅಲ್ಲಿಲ್ಲ. ಟೊಪೀಕಾದ ಹನ್ನೆರಡು ತಾಯಂದಿರ ಹೆಸರಾದರೂ ನ್ಯಾಯಾಲಯದ ಕಾಗದದಲ್ಲಿ ಉಳಿದಿದೆ. ಹೆಸರನ್ನು ಬರೆದಿಡುವುದೇ ಗೌರವದ ಮೊದಲ ಕೆಲಸ ಎಂದು ನಾನು ಹೇಳುವುದು ಇದಕ್ಕಾಗಿ.

ಕಾನೂನು ಓದುಗ

ಧಾರವಾಡದ ಮೇಷ್ಟ್ರ ಮಾತು ನೂರಕ್ಕೆ ನೂರು ನಿಜ. ಸಂದ ಗೌರವಗಳ ಬಗ್ಗೆ ಎರಡು ಮಾತು ಹೇಳಿ ನಿಲ್ಲಿಸುತ್ತೇನೆ. ಹೆತ್ತವರಿಗೆಂದೇ ಸಂದ ಗೌರವಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು 2003ರ ಡಿಸೆಂಬರಿನಲ್ಲಿ ಕಾನೂನಾಗಿ 2004ರಲ್ಲಿ ಪ್ರದಾನವಾದ ಸಂಸತ್ತಿನ ಚಿನ್ನದ ಪದಕ. ಜೋಸೆಫ್ ಡಿಲೇನ್, ಲೀವೈ ಪಿಯರ್ಸನ್, ಹ್ಯಾರಿ ಮತ್ತು ಎಲೈಜಾ ಬ್ರಿಗ್ಸ್ ಈ ನಾಲ್ವರಿಗೂ ಅದು ಸಂದದ್ದು ಮರಣೋತ್ತರವಾಗಿ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಮಕ್ಕಳ ಪರವಾಗಿ 1946-47ರಲ್ಲಿ ಮೊಕದ್ದಮೆ ಗೆದ್ದ ಗೊನ್ಸಾಲೊ ಮತ್ತು ಫೆಲಿಸಿತಾಸ್ ಮೆಂಡೆಸ್ ದಂಪತಿಯ ಹೆಸರನ್ನು ಸಾಂಟಾ ಆನಾ ನಗರದ ಒಂದು ಶಾಲೆಗೇ ಇಟ್ಟಿದ್ದಾರೆ. ಆ ಮೊಕದ್ದಮೆಯ ನೆನಪಿಗೆ 2007ರಲ್ಲಿ ಅಂಚೆಚೀಟಿ ಬಂತು. ಮಕ್ಕಳು ದಿನವೂ ಉಚ್ಚರಿಸುವ ಶಾಲೆಯ ಹೆಸರು ಕಪಾಟಿನ ಪದಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಎಣಿಕೆ.

ಗೌರವ ಮತ್ತು ನ್ಯಾಯ ಎಷ್ಟು ತಡವಾಗಿ ಬರುತ್ತವೆ ಎಂಬುದಕ್ಕೆ ಡಿಲೇನ್ ಅವರನ್ನೇ ನೋಡಿ. 1951ರಲ್ಲಿ ಅವರ ಮನೆ ಸುಟ್ಟುಹೋಯಿತು, 1955ರಲ್ಲಿ ಚರ್ಚು ಸುಟ್ಟಿತು. ರಾತ್ರಿ ಮನೆಯ ಮೇಲೆ ಗುಂಡು ಹಾರಿಸಿದವರ ಕಡೆಗೆ ತಿರುಗಿ ಗುಂಡು ಹಾರಿಸಿದ್ದಕ್ಕಾಗಿ ಅವರ ಮೇಲೆಯೇ ವಾರಂಟ್ ಹೊರಟಿತು. ರಾಜ್ಯ ಬಿಟ್ಟು ನ್ಯೂಯಾರ್ಕಿಗೆ ಓಡಿಹೋದವರು ಕೊನೆಗಾಲದಲ್ಲಿ ಬಂದು ನೆಲೆಸಿದ್ದು ನಿಮ್ಮ ಷಾರ್ಲಟ್‌ನಲ್ಲಿ. ಸೌತ್ ಕೆರೊಲಿನಾದ ಗಡಿ ಅಲ್ಲಿಂದ ಕೂಗಳತೆಯಲ್ಲಿದ್ದರೂ ದಾಟಿದರೆ ಬಂಧನದ ಭಯ. 1974ರಲ್ಲಿ ತೀರಿಕೊಂಡರು. ವಾರಂಟ್ ರದ್ದಾದದ್ದು 2000ದಲ್ಲಿ.

ಷಾರ್ಲಟ್ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ಪಾಠದ ರೂಪುರೇಷೆ ಈಗ ಸ್ಪಷ್ಟವಾಗಿದೆ. ಮಕ್ಕಳಿಗೆ ಮೊದಲು ಹೆಸರುಗಳನ್ನು ಕೊಡುತ್ತೇವೆ, ಆಮೇಲೆ ಪ್ರತಿ ಹೆಸರಿನ ಎದುರು ಆ ಮನೆ ಕಳೆದುಕೊಂಡದ್ದನ್ನು ಬರೆಸುತ್ತೇವೆ: ಕೆಲಸ, ಸಾಲ, ಜಮೀನು, ಮನೆ, ಊರು. ಹಿಂದೆ ಸರಿದವರ ಸಾಲೂ ಅದರಲ್ಲಿ ಇರುತ್ತದೆ, ಕೌಂಟ್ಸ್ ದಂಪತಿಯ ಹೆಸರೂ ಇರುತ್ತದೆ. ಹಾರ್ಡಿಂಗ್ ಹೈಸ್ಕೂಲು 2008ರಲ್ಲಿ ಡೊರೊತಿಯವರಿಗೆ ಗೌರವ ಡಿಪ್ಲೊಮಾ ಕೊಟ್ಟಿದೆ ಎಂಬುದನ್ನೂ ಹೇಳುತ್ತೇವೆ. ಬ್ರೌನ್ ತೀರ್ಪಿಗೆ ಮೀಸಲಾದ ರಾಷ್ಟ್ರೀಯ ಚಾರಿತ್ರಿಕ ಉದ್ಯಾನದ ವ್ಯಾಪ್ತಿಯನ್ನು 2022ರ ಕಾನೂನು ವಿಸ್ತರಿಸಿ ಸಮ್ಮರ್ಟನ್‌ನ ಶಾಲೆಗಳನ್ನೂ ಒಳಗೊಂಡಿದೆ. ಇಲ್ಲಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ದೂರವಾದ್ದರಿಂದ ಪೋಷಕರ ಒಪ್ಪಿಗೆ ಪಡೆದು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಆಲೋಚನೆಯಿದೆ.

ಧಾರವಾಡದ ಮೇಷ್ಟ್ರಲ್ಲಿ ಒಂದು ವಿನಂತಿ. 1856ರ ಆ ಸರ್ಕಾರಿ ನಿರ್ಣಯದ ಮಾತುಗಳನ್ನು ತಾವು ಕನ್ನಡಕ್ಕೆ ತಂದು ಇಲ್ಲಿ ಹಾಕಿದರೆ, ಅದನ್ನೂ ಕ್ಲಾರೆಂಡನ್ ಕೌಂಟಿಯ ಅರ್ಜಿಯನ್ನೂ ಮಕ್ಕಳು ಒಂದೇ ದಿನ ಅಕ್ಕಪಕ್ಕದಲ್ಲಿಟ್ಟು ಓದುವಂತೆ ಮಾಡುತ್ತೇವೆ.